‘ಅವನಿಗೆ ಫಾರ್ಮ್ ಇಲ್ಲ’ ಅನ್ನುವವರಿಗೆ

ಸೈಕಲ್ ರೇಸಿನ ಅಭಿಮಾನಿಗಳು ಅತಿ ಹೆಚ್ಚು ಬಳಸುವ, ಅತಿ ಕಡಿಮೆ ಯೋಚಿಸಿ ಬಳಸುವ ಪದ ‘ಫಾರ್ಮ್’. ಟೈಮ್ ಟ್ರಯಲ್ ಮುಗಿದು ಫಲಿತಾಂಶದ ಪಟ್ಟಿ ಬಂದ ಹತ್ತು ನಿಮಿಷದೊಳಗೆ ತೀರ್ಪು ಬಂದುಬಿಡುತ್ತದೆ. ಮೇಲಿದ್ದವನು ಫಾರ್ಮ್‌ನಲ್ಲಿದ್ದಾನೆ, ಕೆಳಗಿದ್ದವನಿಗೆ ಫಾರ್ಮ್ ಇಲ್ಲ. ಅವನು ಗೆದ್ದದ್ದು ಯಾಕೆ? ಫಾರ್ಮ್‌ನಲ್ಲಿದ್ದ. ಫಾರ್ಮ್‌ನಲ್ಲಿದ್ದ ಅಂತ ನಿಮಗೆ ಹೇಗೆ ಗೊತ್ತಾಯಿತು? ಗೆದ್ದನಲ್ಲ! ಇದು ವಿವರಣೆಯಲ್ಲ. ಫಲಿತಾಂಶವನ್ನೇ ಇನ್ನೊಂದು ಪದದಲ್ಲಿ ಮತ್ತೊಮ್ಮೆ ಓದಿ ಹೇಳಿದಂತೆ.

ಇಷ್ಟು ದಿನ ಈ ಮಾತು ಫ್ರಾನ್ಸ್, ಇಟಲಿ, ಸ್ಪೇನಿನ ರೇಸುಗಳ ಬಗ್ಗೆ ಇತ್ತು. ನಾವು ಇಲ್ಲಿ ಕೂತು ಪೊಗಾಚಾರನಿಗೋ ವಿಂಗಗಾರ್ಡನಿಗೋ ಫಾರ್ಮ್ ಇಲ್ಲ ಅಂದರೆ ಅವರಿಗೇನೂ ನಷ್ಟವಿರಲಿಲ್ಲ. ಈ ವರ್ಷ ಪರಿಸ್ಥಿತಿ ಬದಲಾಗಿದೆ. 2026ರ ಜನವರಿ 19ರಿಂದ 23ರವರೆಗೆ ನಾನಿರುವ ಪುಣೆಯಲ್ಲಿ ‘ಪುಣೆ ಗ್ರ್ಯಾಂಡ್ ಟೂರ್’ ನಡೆಯಿತು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ 2.2 ದರ್ಜೆಯ ರೇಸು, ಸುಮಾರು 437 ಕಿಲೋಮೀಟರ್. ಹೊರದೇಶಗಳ ತಂಡಗಳ ಜೊತೆ ಭಾರತದ ಸವಾರರೂ ಓಡಿದರು. ನ್ಯೂಜಿಲೆಂಡಿನ ಲ್ಯೂಕ್ ಮಡ್ಜ್‌ವೇ ಗೆದ್ದರು. ನಮ್ಮವರು ಪ್ರಶಸ್ತಿಯ ಹತ್ತಿರ ಬರಲಿಲ್ಲ. ರೇಸು ಮುಗಿದ ಮೇಲೆ ಭಾನುವಾರ ಬೋಪದೇವ್ ಘಾಟ್ ಹತ್ತಿ ಇಳಿದು ಚಹಾ-ಪೋಹೆ ಮುಂದೆ ಕೂರುವ ಗುಂಪುಗಳಲ್ಲೆಲ್ಲ ಒಂದೇ ಮಾತು: ನಮ್ಮ ಹುಡುಗರಿಗೆ ಫಾರ್ಮ್ ಇರಲಿಲ್ಲ.

ಈ ಮಾತಿನ ಮೇಲೆ ನನ್ನ ತಕರಾರಿದೆ. ಟೈಮ್ ಟ್ರಯಲ್‌ನ ಗಡಿಯಾರ ಹೇಳದ ಸಂಗತಿಯನ್ನು ನಾವು ಅದರ ಬಾಯಲ್ಲಿ ಹೇಳಿಸುತ್ತಿದ್ದೇವೆ. ಅದರ ಪೆಟ್ಟು ಬೀಳುವುದು ಯುರೋಪಿನ ಕೋಟ್ಯಧಿಪತಿ ಸವಾರರಿಗಲ್ಲ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದ ಹುಡುಗ ಹುಡುಗಿಯರಿಗೆ.

ಗಡಿಯಾರದ ಎದುರು ಒಬ್ಬಂಟಿ

ಈ ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಹಲವು ದಿನಗಳ ರೇಸಿಗೆ ಸ್ಟೇಜ್ ರೇಸ್ ಅನ್ನುತ್ತಾರೆ. ಪ್ರತಿದಿನ ಒಂದು ಹಂತ. ಎಲ್ಲ ಹಂತಗಳ ಸಮಯ ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರು ಗೆದ್ದಂತೆ. ಹೆಚ್ಚಿನ ಹಂತಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಗುಂಪಿನಲ್ಲಿ ಮುಂದಿನವನ ಬೆನ್ನ ಮರೆಯಲ್ಲಿ ಓಡಿಸಿದರೆ ಗಾಳಿಯ ಹೊಡೆತ ತಪ್ಪಿ ಶ್ರಮ ಬಹಳ ಉಳಿಯುತ್ತದೆ. ಹಾಗಾಗಿ ಗುಂಪಿನ ರೇಸು ತಂಡದ ಆಟ.

ಟೈಮ್ ಟ್ರಯಲ್ ಹಾಗಲ್ಲ. ಒಬ್ಬೊಬ್ಬರಾಗಿ, ಒಂದೆರಡು ನಿಮಿಷಗಳ ಅಂತರದಲ್ಲಿ ಹೊರಡುತ್ತಾರೆ. ಮುಂದೆ ಸಿಕ್ಕವನ ಬೆನ್ನ ಹಿಂದೆ ಅಡಗುವಂತಿಲ್ಲ. ಟೂರ್ ದ ಫ್ರಾನ್ಸ್‌ನಲ್ಲಿ ಇದು ಮೊದಲು ಬಂದದ್ದು 1934ರಲ್ಲಿ. ಮರೆಗೆ ಯಾರೂ ಇಲ್ಲ, ಬೆಂಬಲಕ್ಕೆ ಯಾರೂ ಇಲ್ಲ. ಆದ್ದರಿಂದ ಇದು ‘ಸತ್ಯದ ಓಟ’, ಇಲ್ಲಿ ಬಂದ ಸಮಯವೇ ಸವಾರನ ನಿಜವಾದ ಯೋಗ್ಯತೆ ಎಂಬ ನಂಬಿಕೆ ಬೆಳೆದಿದೆ. ‘ಫಾರ್ಮ್’ ತೀರ್ಪುಗಳೆಲ್ಲ ಈ ನಂಬಿಕೆಯ ಮೇಲೆ ನಿಂತಿವೆ.

ಈ ಸತ್ಯ ಎಷ್ಟು ಗಟ್ಟಿ ಅಂತ ನೋಡೋಣ. 2025ರ ಟೂರ್ ದ ಫ್ರಾನ್ಸ್‌ನ ಐದನೇ ದಿನ ಕಾನ್ ಪಟ್ಟಣದಲ್ಲಿ 33 ಕಿ.ಮೀ. ಟೈಮ್ ಟ್ರಯಲ್, ಹೆಚ್ಚುಕಡಿಮೆ ಸಮತಟ್ಟು ರಸ್ತೆ. ಬೆಲ್ಜಿಯಂನ ರೆಮ್ಕೊ ಎವೆನಪೂಲ್ ಗೆದ್ದ. ಡೆನ್ಮಾರ್ಕಿನ ಯೋನಸ್ ವಿಂಗಗಾರ್ಡ್ 1 ನಿಮಿಷ 21 ಸೆಕೆಂಡ್ ಹಿಂದೆ, 13ನೇ ಸ್ಥಾನ. ವಿಂಗಗಾರ್ಡ್‌ಗೆ ಫಾರ್ಮ್ ಇಲ್ಲ ಅಂತ ತೀರ್ಮಾನವಾಯಿತು. ಎಂಟು ಹಂತ ಕಳೆದು 13ನೇ ದಿನ, ಪೇರಗ್ಯೂದ್‌ನಲ್ಲಿ 10.9 ಕಿ.ಮೀ. ಬೆಟ್ಟ ಹತ್ತುವ ಟೈಮ್ ಟ್ರಯಲ್. ತಾಡೆಯ್ ಪೊಗಾಚಾರ್ ಗೆದ್ದ. ವಿಂಗಗಾರ್ಡ್ 36 ಸೆಕೆಂಡ್ ಹಿಂದೆ, ಎರಡನೆಯವನು. ಎವೆನಪೂಲ್ 2 ನಿಮಿಷ 39 ಸೆಕೆಂಡ್ ಹಿಂದೆ, 12ನೆಯವನು. ತನಗಿಂತ ಎರಡು ನಿಮಿಷ ತಡವಾಗಿ ಹೊರಟ ವಿಂಗಗಾರ್ಡ್ ಅವನನ್ನು ಹಿಂದೆ ಹಾಕಿದ್ದ. ಮಾರನೆಯ ದಿನ ಎವೆನಪೂಲ್ ರೇಸು ಬಿಟ್ಟ.

ಈಗ ಎವೆನಪೂಲ್‌ಗೆ ಫಾರ್ಮ್ ಇಲ್ಲ ಅಂತ ತೀರ್ಪು ತಿರುಗಿತು. ಎರಡು ತಿಂಗಳಾದ ಮೇಲೆ, ಸೆಪ್ಟೆಂಬರ್ 21ರಂದು, ರುವಾಂಡದ ಕಿಗಾಲಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್. 40.6 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಎವೆನಪೂಲ್ ಗೆದ್ದದ್ದಷ್ಟೇ ಅಲ್ಲ, ತನಗಿಂತ ಎರಡೂವರೆ ನಿಮಿಷ ಮೊದಲು ಹೊರಟಿದ್ದ ಪೊಗಾಚಾರನನ್ನು ದಾರಿಯಲ್ಲೇ ದಾಟಿ ಹೋದ. ಜಗತ್ತಿನ ಅತ್ಯುತ್ತಮ ಸವಾರನಿಗೆ ನಾಲ್ಕನೇ ಸ್ಥಾನ. ಪೊಗಾಚಾರ್ ಸುಸ್ತಾಗಿದ್ದಾನೆ, ಅವನ ಋತು ಮುಗಿಯಿತು ಅಂದರು. ಅದಾಗಿ ಒಂದೇ ವಾರಕ್ಕೆ, ಅದೇ ಕಿಗಾಲಿಯಲ್ಲಿ, ಅದೇ ಪೊಗಾಚಾರ್ ರಸ್ತೆ ರೇಸ್ ಗೆದ್ದು ವಿಶ್ವ ಚಾಂಪಿಯನ್ ಆದ. ಎರಡನೆಯವನು ಎವೆನಪೂಲ್.

ಗಡಿಯಾರ ಒಂದು ಸಲವೂ ಸುಳ್ಳು ಹೇಳಲಿಲ್ಲ. ಕಾನ್‌ನ ಸಮತಟ್ಟು ರಸ್ತೆಯಲ್ಲಿ ಗಾಳಿ ಸೀಳುವವನಿಗೆ ಲಾಭ. ಎವೆನಪೂಲ್ ಗಿಡ್ಡ, ಸೈಕಲ್ ಮೇಲೆ ಮೈ ಮಡಚಿ ಕಲ್ಲಿನಂತೆ ಅಲ್ಲಾಡದೆ ಕೂರಬಲ್ಲ. ಪೇರಗ್ಯೂದ್‌ನ ಏರಿನಲ್ಲಿ ವೇಗ ಕಡಿಮೆ, ಗಾಳಿಯ ಪಾಲೂ ಕಡಿಮೆ. ಅಲ್ಲಿ ತೂಕಕ್ಕೆ ತಕ್ಕ ಕಸುವು ಎಷ್ಟು ಎಂಬುದೇ ಲೆಕ್ಕ. ಕಿಗಾಲಿಯ ರಸ್ತೆ ರೇಸಿನಲ್ಲಿ ಬೇಕಾದದ್ದು ಗಂಟೆಗಟ್ಟಲೆ ಓಡಿಸಿದ ಮೇಲೂ ಏರಿನಲ್ಲಿ ಒಮ್ಮೆಲೇ ನುಗ್ಗುವ ಶಕ್ತಿ. ಮೂರೂ ಬೇರೆ ಬೇರೆ ಪ್ರಶ್ನೆಪತ್ರಿಕೆಗಳು. ಮೂರರ ಅಂಕವನ್ನೂ ‘ಫಾರ್ಮ್’ ಎಂಬ ಒಂದೇ ವಿಷಯಕ್ಕೆ ಜಮಾ ಮಾಡಿದವರು ನಾವು.

ಇನ್ನೂ ಒಂದು ಪ್ರಸಂಗ ಹೇಳಲೇಬೇಕು. 2020ರ ಟೂರ್‌ನ ಕೊನೆಯ ಮುಂಚಿನ ದಿನ 36.2 ಕಿ.ಮೀ. ಟೈಮ್ ಟ್ರಯಲ್, ಕೊನೆಯಲ್ಲಿ ಕಡಿದಾದ ಏರು. ಸ್ಲೊವೇನಿಯದ ಪ್ರಿಮೋಜ್ ರೋಗ್ಲಿಚ್ 57 ಸೆಕೆಂಡ್ ಮುನ್ನಡೆ ಇಟ್ಟುಕೊಂಡು ಹೊರಟ, 22 ತುಂಬಲು ಎರಡು ದಿನ ಬಾಕಿಯಿದ್ದ ಪೊಗಾಚಾರನ ಎದುರು ಒಂದೇ ತಾಸಿನಲ್ಲಿ 1 ನಿಮಿಷ 56 ಸೆಕೆಂಡ್ ಕಳಕೊಂಡ, ಟೂರ್ ಸೋತ. ತಲೆಯ ಮೇಲೆ ಹೆಲ್ಮೆಟ್ ಓರೆಯಾಗಿದ್ದ ಅವನ ಚಿತ್ರ ಎಲ್ಲ ಕಡೆ ಬಂತು. ಸುಮಾರು ಎರಡು ವಾರ ಮುನ್ನಡೆಸಿದವನು ಕೊನೆಗೆ ಖಾಲಿಯಾದ ಅಂತ ಷರಾ ಬರೆದರು. ಖಾಲಿಯಾದ ಆ ಮನುಷ್ಯ ಎರಡೇ ವಾರಕ್ಕೆ ಲಿಯೇಜ್–ಬಾಸ್ತೋನ್–ಲಿಯೇಜ್ ಗೆದ್ದ, ನವೆಂಬರಿನಲ್ಲಿ ಸ್ಪೇನಿನ ವುಯೆಲ್ತಾ ಗೆದ್ದ. ಒಂದು ದಿನದ ಒಂದು ತಾಸಿಗೆ ಸವಾರನ ಒಟ್ಟು ಸ್ಥಿತಿಯನ್ನು ಹೇಳುವ ಶಕ್ತಿ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಪದ ಬಂದ ದಾರಿ

ಅನುವಾದ ನನ್ನ ಹೊಟ್ಟೆಪಾಡು. ‘ಫಾರ್ಮ್’ ನನ್ನನ್ನು ಕಾಡಿದ್ದು ಮೊದಲು ಪದವಾಗಿಯೇ. ಕನ್ನಡದ ಕ್ರೀಡಾಪುಟ ಇದಕ್ಕೆ ‘ಲಯ’ ಎನ್ನುತ್ತದೆ: ಲಯ ಕಂಡುಕೊಂಡ, ಲಯ ತಪ್ಪಿದ, ಲಯಕ್ಕೆ ಮರಳಿದ. ಇಲ್ಲಿನ ಮರಾಠಿಯವರು ಇಂಗ್ಲಿಷ್ ಪದವನ್ನೇ ಇಟ್ಟುಕೊಂಡು ‘ತೋ ಫಾರ್ಮಾತ್ ಆಹೇ’ ಅನ್ನುತ್ತಾರೆ. ಕ್ರಿಕೆಟ್ಟಿನ ಬ್ಯಾಟ್ಸ್‌ಮನ್‌ಗೆ ಲಯ ಸರಿಹೋಗಬಹುದು. ಚೆಂಡು ಬಂದು ಬ್ಯಾಟಿಗೆ ತಾಗುವ ಗಳಿಗೆಯಲ್ಲಿ ಲಯ ಅನ್ನುವುದೊಂದು ಇದೆ. ಆದರೆ ಲಯ ಅಂದಕೂಡಲೇ ಅದು ಬರುವ, ಹೋಗುವ, ಯಾರ ಕೈಲೂ ಇಲ್ಲದ ದೇವರ ಮೈಮೇಲಿನ ಆವೇಶದಂತೆ ಕೇಳಿಸುತ್ತದೆ.

ಇಂಗ್ಲಿಷಿನಲ್ಲಿ ಈ ಪದ ಆಟದ ಮಾತಿಗೆ ಬಂದದ್ದು ಕುದುರೆ ಜೂಜಿನ ಕಡೆಯಿಂದ. ಕುದುರೆ ಹಿಂದಿನ ಪಂದ್ಯಗಳಲ್ಲಿ ಎಷ್ಟನೆಯದಾಗಿ ಬಂತು, ಯಾವ ನೆಲದಲ್ಲಿ, ಎಷ್ಟು ಭಾರ ಹೊತ್ತು, ಎಷ್ಟು ದೂರ ಓಡಿತು ಎಂಬ ದಾಖಲೆಗೂ ಅಲ್ಲಿ ಫಾರ್ಮ್ ಅಂತಲೇ ಹೆಸರು. ಜೂಜುಗಾರನಿಗೆ ಆ ಪಟ್ಟಿ ಯಾಕೆ ಬೇಕು? ಕೆಸರು ನೆಲದಲ್ಲಿ ಬಂದ ಮೂರನೇ ಸ್ಥಾನವೂ ಒಣ ನೆಲದಲ್ಲಿ ಬಂದ ಮೂರನೇ ಸ್ಥಾನವೂ ಒಂದೇ ಅಲ್ಲ ಅಂತ ಅವನಿಗೆ ಗೊತ್ತು. ದುಡ್ಡು ಹೋಗುವುದು ಅವನದ್ದು. ನಾವು ಪದ ತಂದುಕೊಂಡೆವು, ಅದರ ಜೊತೆಗಿದ್ದ ಎಚ್ಚರವನ್ನು ಅಲ್ಲೇ ಬಿಟ್ಟೆವು.

ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ಇದೆ ಅಂತ ನನ್ನ ವಾದ: ಹದ. ಹೊಲ ಹದಕ್ಕೆ ಬರುತ್ತದೆ, ಬೆಲ್ಲದ ಪಾಕ ಹದಕ್ಕೆ ಬರುತ್ತದೆ, ಚರ್ಮ ಹದ ಮಾಡುತ್ತಾರೆ. ಹದ ಸುಮ್ಮನೆ ಬರುವುದಿಲ್ಲ, ಮಾಡಬೇಕು. ಮಾಡುವವನ ಕೈಯಲ್ಲಿ ಒಂದಿಷ್ಟು, ಮಳೆಯ ಕೈಯಲ್ಲಿ ಒಂದಿಷ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಹದ ಯಾವಾಗಲೂ ಯಾವುದೋ ಒಂದಕ್ಕೆ ಹದ. ಜೋಳ ಬಿತ್ತುವ ಹದ ಬೇರೆ, ಭತ್ತ ನೆಡುವ ಹದ ಬೇರೆ. ಉಂಡೆ ಕಟ್ಟುವ ಪಾಕದ ಹದ ಜಿಲೇಬಿಗೆ ಬರುವುದಿಲ್ಲ. ಹೊಲ ಹದವಾಗಿಲ್ಲ ಅಂದರೆ ರೈತ ಹೊಲವನ್ನು ಬೈಯುವುದಿಲ್ಲ. ಮಳೆ ಬಿತ್ತೇ, ಗೊಬ್ಬರ ಹಾಕಿತ್ತೇ, ಹರಗಿದ್ದಾರೆಯೇ ಅಂತ ಕೇಳುತ್ತಾನೆ. ‘ಅವನಿಗೆ ಫಾರ್ಮ್ ಇಲ್ಲ’ ಎನ್ನುವ ಬಾಯಿ ‘ಅವನು ಈ ರೇಸಿಗೆ ಹದವಾಗಿರಲಿಲ್ಲ’ ಅಂದು ನೋಡಲಿ. ಯಾಕೆ ಎಂಬ ಪ್ರಶ್ನೆ ತಾನಾಗಿ ಹಿಂದೆಯೇ ಬರುತ್ತದೆ.

ನಮ್ಮದೇ ಊರಿನ ಗಡಿಯಾರಗಳು

ಗಡಿಯಾರದ ಎದುರಿನ ಓಟ ನಮಗೆ ಹೊಸದಲ್ಲ. ಹಾವೇರಿ, ಧಾರವಾಡ, ಗದಗದ ಕಡೆ ಖಾಲಿ ಗಾಡಾ ಓಡಿಸುವ ಸ್ಪರ್ಧೆಯಲ್ಲಿ ಒಂದು ಜೋಡಿ ಎತ್ತು ಒಂದು ನಿಮಿಷದಲ್ಲಿ ಎಷ್ಟು ದೂರ ಓಡಿತು ಅಂತ ಅಳೆಯುತ್ತಾರೆ. ಪುಣೆ ಜಿಲ್ಲೆಯ ಮಾವಳ, ಖೇಡ್, ಜುನ್ನರದ ಹಳ್ಳಿಗಳ ಬೈಲ್‌ಗಾಡಾ ಶರ್ಯತ್ತಿನಲ್ಲೂ ಗಾಡಿಗಳು ಒಂದೊಂದಾಗಿ ಏರುದಾರಿಯಲ್ಲಿ ಓಡುತ್ತವೆ, ಸೆಕೆಂಡಿನ ಲೆಕ್ಕದಲ್ಲಿ ಗೆಲುವು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳದ ಜೊತೆ ಇದಕ್ಕೂ ಅನುಮತಿ ಎತ್ತಿಹಿಡಿಯಿತು. ಗೆದ್ದ ಗಾಡಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು. ಹಳೆಯ ಮುಂಬೈ–ಪುಣೆ ಸೈಕಲ್ ರೇಸಿನಲ್ಲಿ ಬೋರ್ ಘಾಟ್ ಮೊದಲು ಹತ್ತಿದವನನ್ನೂ ಘಾಟಿನ ರಾಜ ಎಂದೇ ಕರೆಯುತ್ತಿದ್ದರು. ಈ ಪಂದ್ಯಗಳನ್ನು ನೋಡಿ ಬೆಳೆದವರು ಒಂದೂರಿನ ಘಾಟಿನ ಸೆಕೆಂಡನ್ನು ಇನ್ನೊಂದೂರಿನ ಸೆಕೆಂಡಿಗೆ ಸುಮ್ಮನೆ ಹೋಲಿಸುವುದಿಲ್ಲ. ಏರು ಎಷ್ಟು, ಮಣ್ಣು ಎಂಥದು, ಹಿಂದಿನ ವಾರ ಎತ್ತು ಎಲ್ಲಿ ಓಡಿತ್ತು ಅಂತ ಮೊದಲು ವಿಚಾರಿಸುತ್ತಾರೆ.

ಆ ವಿಚಾರಣೆ ಬಿಟ್ಟರೆ ಏನಾಗುತ್ತದೆ ಅಂತ ನಾವು 2020ರ ಫೆಬ್ರುವರಿಯಲ್ಲಿ ನೋಡಿದ್ದೇವೆ. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿದರು: 100 ಮೀಟರಿಗೆ 9.55. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ದೇಶವೇ ಎದ್ದು ಕೂತಿತು. ಕೇಂದ್ರದ ಕ್ರೀಡಾ ಮಂತ್ರಿಗಳು ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆ ಮಾಡಿಸುತ್ತೇವೆ ಅಂದರು. ಮುಂದೆ ಓಡುವ ಕೋಣಗಳ ಎಳೆತ, ಕೆಸರುಗದ್ದೆ, ಹೊರಡುವ ರೀತಿ, ಸಮಯ ಅಳೆಯುವ ರೀತಿ ಯಾವುದೂ ಯಾರಿಗೂ ಬೇಕಿರಲಿಲ್ಲ. ಆ ಗದ್ದಲದಲ್ಲಿ ತಲೆ ನೆಟ್ಟಗಿಟ್ಟುಕೊಂಡವರು ಶ್ರೀನಿವಾಸ ಗೌಡರೊಬ್ಬರೇ. ಕಂಬಳವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಅಂದು ಪರೀಕ್ಷೆಗೆ ಹೋಗಲು ಒಪ್ಪಲಿಲ್ಲ. ಒಪ್ಪಿ ಹೋಗಿ ಟ್ರ್ಯಾಕ್ ಮೇಲೆ ಹದಿಮೂರು ಸೆಕೆಂಡ್ ತೆಗೆದುಕೊಂಡಿದ್ದರೆ ಅವರನ್ನು ಹೊಗಳಿದ ಬಾಯಿಗಳೇ ಏನನ್ನುತ್ತಿದ್ದವು ಅಂತ ಊಹಿಸುವುದು ಕಷ್ಟವಲ್ಲ.

ಒಂದು ಅಂಕಿಯನ್ನು ಅದು ಹುಟ್ಟಿದ ನೆಲದಿಂದ ಕಿತ್ತು ಹೊಗಳುವುದೂ ಅದೇ ಚಟ, ಕಿತ್ತು ತೆಗಳುವುದೂ ಅದೇ ಚಟ. ಕಂಬಳದ ಓಟಗಾರನನ್ನು ಬೋಲ್ಟ್ ಮಾಡಿದ್ದು ಯಾವುದೋ, ಬಾಗಲಕೋಟೆಯ ಸವಾರನನ್ನು ‘ಫಾರ್ಮ್ ಇಲ್ಲದವನು’ ಮಾಡುತ್ತಿರುವುದೂ ಅದೇ.

ಆ ಒಂದೂವರೆ ನಿಮಿಷ

ಕನ್ನಡನಾಡಿನಲ್ಲಿ ಸೈಕಲ್ ರೇಸಿನ ನಿಜವಾದ ಸೀಮೆ ಬೆಂಗಳೂರಲ್ಲ. ಅದು ವಿಜಯಪುರ, ಬಾಗಲಕೋಟೆ, ಜಮಖಂಡಿ. ಊರ ಜಾತ್ರೆಯಲ್ಲಿ ಸೈಕಲ್ ಪಂದ್ಯ ಇಡುವ, ನೆಟ್ಟಗಿನ ರಸ್ತೆಗಳ ಬಯಲುಸೀಮೆ. ಸರ್ಕಾರದ ಕ್ರೀಡಾ ಇಲಾಖೆ ಅಲ್ಲಿ ಸೈಕ್ಲಿಂಗ್ ಹಾಸ್ಟೆಲ್ ನಡೆಸುತ್ತದೆ. ಜಮಖಂಡಿ, ವಿಜಯಪುರಗಳಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್ ನಡೆದಿದೆ. ಅಲ್ಲಿಂದ ಬರುವವರಲ್ಲಿ ಹೆಚ್ಚಿನವರು ಒಕ್ಕಲು ಮನೆಯ ಮಕ್ಕಳು. ಅವರಿಗೆ ಟೈಮ್ ಟ್ರಯಲ್ ಎಂದರೆ ಭಾನುವಾರದ ಚರ್ಚೆಯಲ್ಲ. ರಾಷ್ಟ್ರೀಯ ಪದಕ ಬಂದರೆ ರೈಲ್ವೆಯಲ್ಲೋ ಸೇನೆಯಲ್ಲೋ ಕ್ರೀಡಾ ಕೋಟಾದ ನೌಕರಿ. ತಂಡದ ಬಲವಿಲ್ಲದೆ ಒಬ್ಬರೇ ಗಳಿಸಬಹುದಾದ ಪದಕ ಟೈಮ್ ಟ್ರಯಲ್‌ನದು. ಒಂದು ಮುಂಜಾನೆಯ ಮುಕ್ಕಾಲು ತಾಸಿನ ಮೇಲೆ ಒಂದು ಮನೆಯ ಮುಂದಿನ ಮೂವತ್ತು ವರ್ಷ ನಿಂತಿರುತ್ತದೆ.

ಆ ಮುಕ್ಕಾಲು ತಾಸಿನಲ್ಲಿ ಏನೇನಿದೆ? ಸಮತಟ್ಟು ರಸ್ತೆಯಲ್ಲಿ ಗಂಟೆಗೆ 45–50 ಕಿ.ಮೀ. ವೇಗದಲ್ಲಿ ಹೋಗುವಾಗ ಸವಾರನ ಶಕ್ತಿಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಗಾಳಿಯ ವಿರುದ್ಧ ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 40ರಿಂದ 44ಕ್ಕೆ ಹೋಗಬೇಕಾದರೆ ಹತ್ತನೇ ಒಂದು ಪಾಲಲ್ಲ, ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಬೇಕು. ಇದನ್ನೇ ತಿರುಗಿಸಿ ನೋಡಿ. ಒಬ್ಬ ಸವಾರ 40 ಕಿ.ಮೀ.ಯನ್ನು 50 ನಿಮಿಷದಲ್ಲಿ ಮುಗಿಸುತ್ತಾನೆ ಅಂದುಕೊಳ್ಳಿ. ಕೂರುವ ಭಂಗಿ, ಹೆಲ್ಮೆಟ್, ಮೈಗಂಟುವ ಉಡುಪು, ಗಾಲಿ ಎಲ್ಲ ಸೇರಿ ಗಾಳಿಯ ತಡೆಯನ್ನು ನೂರಕ್ಕೆ ಹತ್ತು ಇಳಿಸಿದರೆ ಅದೇ ಕಾಲು, ಅದೇ ಉಸಿರಿನಲ್ಲಿ ಸುಮಾರು ಒಂದೂವರೆ ನಿಮಿಷ ಉಳಿಯುತ್ತದೆ. ಒಂದು ತೊಟ್ಟು ಹೆಚ್ಚಿನ ಕಸುವಿಲ್ಲದೆ!

1989ರಲ್ಲಿ ಟೂರ್‌ನ ಕೊನೆಯ ದಿನ, ವರ್ಸೈಯಿಂದ ಪ್ಯಾರಿಸಿಗೆ 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ, ಅಮೆರಿಕದ ಗ್ರೆಗ್ ಲೆಮಾಂಡ್ ಹ್ಯಾಂಡಲ್ ಮುಂದೆ ಚಾಚಿದ ಹೊಸ ಬಗೆಯ ಹಿಡಿ ಸಿಕ್ಕಿಸಿಕೊಂಡು, ಗಾಳಿ ಸೀಳುವ ಹೆಲ್ಮೆಟ್ ಹಾಕಿಕೊಂಡು ಓಡಿದ. 50 ಸೆಕೆಂಡ್ ಮುಂದಿದ್ದ ಫ್ರಾನ್ಸಿನ ಲೊರಾಂ ಫಿನ್ಯೋ ಬರಿತಲೆಯಲ್ಲಿ, ಜುಟ್ಟು ಹಾರಿಸಿಕೊಂಡು ಬಂದ. ಕುಳಿತಲ್ಲಿ ಹುಣ್ಣಾಗಿ ನೋಯುತ್ತಿತ್ತು ಕೂಡ. ಮೂರು ವಾರದ ರೇಸು 8 ಸೆಕೆಂಡಿನಲ್ಲಿ ಕೈತಪ್ಪಿತು. ಫಿನ್ಯೋಗೆ ಅವತ್ತು ಇಲ್ಲದ್ದು ಫಾರ್ಮ್ ಒಂದೇ ಅಂತ ಯಾರು ಹೇಳಬಲ್ಲರು?

ಪೂರ್ಣ ಪ್ರಮಾಣದ ಟೈಮ್ ಟ್ರಯಲ್ ಸೈಕಲ್ಲಿನ ಬೆಲೆ ಹಲವು ಲಕ್ಷ. ಯುರೋಪಿನ ದೊಡ್ಡ ತಂಡಗಳು ಸವಾರನನ್ನು ಗಾಳಿಸುರಂಗದಲ್ಲಿ ಕೂರಿಸಿ ಮೊಣಕೈ ಎಷ್ಟು ಒಳಗಿರಬೇಕು, ತಲೆ ಎಷ್ಟು ತಗ್ಗಬೇಕು ಅಂತ ಹುಡುಕುತ್ತವೆ. ನಮ್ಮ ಕಡೆ ಮಾಮೂಲಿ ರೇಸ್ ಸೈಕಲ್ಲಿಗೆ ಹಿಡಿ ಸಿಕ್ಕಿಸಿಕೊಂಡು ಓಡಿಸುವವರು ಇನ್ನೂ ಇದ್ದಾರೆ. ಎಷ್ಟೋ ಸಲ ‘ಫಾರ್ಮ್ ಇಲ್ಲ’ ಅನ್ನುವ ಅಭಿಮಾನಿಯ ಸ್ವಂತ ಸೈಕಲ್ಲೇ ಆ ಸವಾರನ ಸೈಕಲ್ಲಿಗಿಂತ ದುಬಾರಿ. ಇನ್ನು ರೇಸಿನ ದಿನಗಳು. ವಿದೇಶಿ ವೃತ್ತಿಪರ ಸವಾರನಿಗೆ ವರ್ಷಕ್ಕೆ ಐವತ್ತು, ಅರವತ್ತು ದಿನ ರೇಸು ಸಿಗುವುದು ಮಾಮೂಲು. ಹದ ಬರುವುದು ಅಲ್ಲಿ. ಒಂದು ರೇಸಿನ ದಣಿವು ಮುಂದಿನ ರೇಸಿಗೆ ಗೊಬ್ಬರವಾಗುತ್ತದೆ. ನಮ್ಮಲ್ಲಿ ರಾಷ್ಟ್ರೀಯ ಮಟ್ಟದವನಿಗೂ ಅಷ್ಟು ದಿನ ರೇಸೇ ಇಲ್ಲ. ಬಿತ್ತದ ಹೊಲಕ್ಕೆ ಬೆಳೆ ಬರಲಿಲ್ಲ ಅಂತ ಕೈತೋರಿಸಿದಂತಾಯಿತು.

ಬೆಂಗಳೂರಿನಲ್ಲಿ ನೆಲೆಸಿ ಹಲವು ಸಲ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದ ನವೀನ್ ಜಾನ್ ವಿಶ್ವ ಚಾಂಪಿಯನ್‌ಶಿಪ್‌ನ ಟೈಮ್ ಟ್ರಯಲ್‌ನಲ್ಲೂ ಭಾರತದ ಪರವಾಗಿ ಓಡಿಸಿದರು. ಅಲ್ಲಿ ಅವರು ಎಷ್ಟು ಹಿಂದಿದ್ದರು ಅನ್ನುವುದಷ್ಟೇ ಹಲವರ ನೆನಪಿನಲ್ಲಿದೆ. ಅಲ್ಲಿಯವರೆಗೆ ಹೋಗುವುದಕ್ಕೆ ಏನೇನು ಬೇಕಾಯಿತು ಅನ್ನುವುದು ‘ಫಾರ್ಮ್’ ಲೆಕ್ಕದಲ್ಲಿ ಬರುವುದಿಲ್ಲ.

ಎದುರು ವಾದಗಳು

ಮೊದಲನೆಯದು: ಹಾಗಿದ್ದರೆ ಟೈಮ್ ಟ್ರಯಲ್ಲೇ ಬೇಡ, ಅದು ಹೇಗೂ ನೋಡಲು ನೀರಸ. ಯುರೋಪಿನಲ್ಲಿ ಈ ವಾದಕ್ಕೆ ಬಲವಿದೆ. 2012ರ ಟೂರ್‌ನಲ್ಲಿ ನೂರು ಕಿ.ಮೀ. ದಾಟಿದ ಒಂಟಿ ಟೈಮ್ ಟ್ರಯಲ್ 2015ರಲ್ಲಿ 13.8 ಕಿ.ಮೀ.ಗೆ ಇಳಿದಿತ್ತು. ನಾನು ಇದನ್ನು ಒಪ್ಪುವುದಿಲ್ಲ. ಬಲಿಷ್ಠ ತಂಡ ಇಲ್ಲದ ಸವಾರನಿಗೆ ಗುಂಪಿನ ರೇಸಿನಲ್ಲಿ ತನ್ನ ಅಳತೆ ತನಗೇ ಸಿಗುವುದಿಲ್ಲ. ಮೊದಲ ಏರಿನಲ್ಲಿ ಗುಂಪಿನಿಂದ ಉದುರಿದರೆ ಉಳಿದದ್ದು ಹೇಗೋ ಮುಗಿಸುವ ಪಾಡು. ಅವತ್ತಿನ ಸಮಯ ಅವನ ಬಗ್ಗೆ ಏನೂ ಹೇಳುವುದಿಲ್ಲ. ಟೈಮ್ ಟ್ರಯಲ್ ಒಂದೇ ಅವನಿಗೆ ಅವನದೇ ಆದ ಅಂಕಿ ಕೊಡುತ್ತದೆ. ನನ್ನ ಜಗಳ ಗಡಿಯಾರದ ಜೊತೆ ಅಲ್ಲ, ಅದನ್ನು ಓದುವವರ ಜೊತೆ.

ಎರಡನೆಯದು: ಅಂಕಿ ಅಂಕಿಯೇ, ನೆಪ ಹೇಳಬೇಡಿ. ಸರಿ, ಅಂಕಿಯನ್ನೇ ನಂಬೋಣ. ಹಾಗಾದರೆ ಪೂರ್ತಿ ಅಂಕಿ ಕೊಡಿ. ಗಾಳಿ ಯಾವ ಕಡೆಯಿಂದ ಎಷ್ಟು ಬೀಸುತ್ತಿತ್ತು, ಬೆಳಿಗ್ಗೆ ಮೊದಲು ಹೊರಟವನಿಗೂ ಕೊನೆಗೆ ಹೊರಟವನಿಗೂ ಬಿಸಿಲಿನ ವ್ಯತ್ಯಾಸ ಎಷ್ಟು, ಮೊದಲ ಅರ್ಧ ಎಷ್ಟರಲ್ಲಿ ಮುಗಿಯಿತು, ಕೊನೆಯ ಅರ್ಧ ಎಷ್ಟರಲ್ಲಿ, ಇದೇ ಸವಾರ ಇದೇ ರಸ್ತೆಯಲ್ಲಿ ಹಿಂದಿನ ಸಲ ಎಷ್ಟು ತೆಗೆದುಕೊಂಡಿದ್ದ. ಒಂದೇ ಅಂಕಿಯನ್ನು ಹಿಡಿದು ಮಿಕ್ಕವನ್ನು ನೆಪ ಅನ್ನುವುದು ಲೆಕ್ಕವಲ್ಲ, ಸೋಮಾರಿತನ.

ಮೂರನೆಯದು, ಸ್ನೇಹಿತರು ಹೇಳುವುದು: ಇದೆಲ್ಲ ಹರಟೆ ಮಾರಾಯ, ಅಭಿಮಾನಿಗಳ ಹರಟೆಯಿಂದ ಯಾರಿಗೇನು? ಯುರೋಪಿನ ಮಟ್ಟಿಗೆ ಇರಬಹುದು. ಅಲ್ಲಿ ತರಬೇತುದಾರರ ಹತ್ತಿರ ಶಕ್ತಿಮಾಪಕದ ವರ್ಷಗಟ್ಟಲೆಯ ಲೆಕ್ಕ ಇರುತ್ತದೆ, ಅಭಿಮಾನಿಯ ಮಾತು ಗಾಳಿಯಲ್ಲಿ ಹೋಗುತ್ತದೆ. ನಮ್ಮಲ್ಲಿ ಈ ಆಟದ ಪ್ರಪಂಚ ಚಿಕ್ಕದು. ಚಹಾ ಅಂಗಡಿಯಲ್ಲಿ ಕೂತವರಲ್ಲೇ ಪ್ರಾಯೋಜಕರಿದ್ದಾರೆ, ಸಂಘಗಳ ಪದಾಧಿಕಾರಿಗಳಿದ್ದಾರೆ, ವರದಿ ಬರೆಯುವವರಿದ್ದಾರೆ. ಅಲ್ಲಿ ಹುಟ್ಟಿದ ‘ಫಾರ್ಮ್ ಇಲ್ಲ’ ಎಂಬ ಮಾತು ಮುಂದಿನ ವರ್ಷ ‘ಇವರ ಮೇಲೆ ದುಡ್ಡು ಹಾಕಿ ಪ್ರಯೋಜನವಿಲ್ಲ’ ಎಂಬ ಮಾತಾಗಲು ಬಹಳ ದೂರವಿಲ್ಲ. ಫಾರ್ಮ್ ಇಲ್ಲ ಅಂದಮೇಲೆ ರಸ್ತೆ, ಸೈಕಲ್, ರೇಸಿನ ದಿನ, ಕೋಚ್ ಯಾವುದರ ಬಗ್ಗೆಯೂ ಯಾರನ್ನೂ ಕೇಳಬೇಕಾಗಿಲ್ಲ. ಎಲ್ಲ ತಪ್ಪೂ ಹುಡುಗನ ಮೈಯೊಳಗೇ ಇದೆ ಅಂದಂತಾಯಿತು. ಆಡಳಿತಕ್ಕೆ ಇದಕ್ಕಿಂತ ಅನುಕೂಲದ ಪದ ಸಿಗಲಾರದು.

ಏನು ಕೇಳಬೇಕು

ಬ್ರಿಟನ್ನಿನ ಸೈಕಲ್ ಕ್ಲಬ್‌ಗಳು 1890ರ ದಶಕದಿಂದ ಟೈಮ್ ಟ್ರಯಲ್ ನಡೆಸಿಕೊಂಡು ಬಂದಿವೆ. 10 ಮೈಲಿ, 25 ಮೈಲಿ, 50 ಮೈಲಿ, ಗೊತ್ತಾದ ರಸ್ತೆಗಳು, ಮತ್ತೆ ಮತ್ತೆ. ಅಲ್ಲಿ ಸಾಧಾರಣ ಸವಾರನೂ ಮೊದಲು ಕೇಳುವುದು ತನ್ನ ಹಿಂದಿನ ಸಮಯಕ್ಕಿಂತ ಎಷ್ಟು ಕಡಿಮೆಯಾಯಿತು ಅಂತ. ಎಷ್ಟನೇ ಸ್ಥಾನ ಅನ್ನುವುದು ಆಮೇಲೆ. 1992ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕ್ರಿಸ್ ಬೋರ್ಡ್‌ಮನ್ ಬೆಳೆದದ್ದು ಈ ಕ್ಲಬ್ ರಸ್ತೆಗಳಲ್ಲಿ. ‘ಫಾರ್ಮ್’ ಎಂಬ ಪದಕ್ಕೆ ಏನಾದರೂ ಗಟ್ಟಿ ಅರ್ಥ ಇದ್ದರೆ ಅದು ಇಲ್ಲಿದೆ: ಅದೇ ರಸ್ತೆ, ಅದೇ ಸವಾರ, ಬೇರೆ ದಿನ.

ಹಾಗಾಗಿ ಪುಣೆಯ ರೇಸಿನ ಬಗ್ಗೆ ನಾವು ಕೇಳಬೇಕಾದದ್ದು ನಮ್ಮವರ ಫಾರ್ಮ್ ಬಗ್ಗೆ ಅಲ್ಲ. 437 ಕಿ.ಮೀ. ರೇಸಿನಲ್ಲಿ ಗಡಿಯಾರದ ಎದುರಿನ ಒಂಟಿ ಓಟ ಇದ್ದದ್ದು ಮೊದಲ ದಿನದ 7.5 ಕಿ.ಮೀ. ಪ್ರೋಲಾಗ್ ಮಾತ್ರ. ನೂರಕ್ಕೆ ಎರಡು ಪಾಲೂ ಅಲ್ಲ. ಎಂಟು ಹತ್ತು ನಿಮಿಷದ ಓಟ ತಿರುವುಗಳಲ್ಲಿ ಧೈರ್ಯ ಎಷ್ಟಿದೆ ಅಂತ ತೋರಿಸುತ್ತದೆ, ಅಷ್ಟೇ. ಮುಂದಿನ ಆವೃತ್ತಿಯಲ್ಲಿ ಕನಿಷ್ಠ 25 ಕಿ.ಮೀ.ಯ ಒಂದು ಪೂರ್ಣ ಟೈಮ್ ಟ್ರಯಲ್ ಇಡಿ. ಅದಕ್ಕೆ ಗೊತ್ತುಮಾಡಿದ ರಸ್ತೆಯನ್ನು ವರ್ಷ ವರ್ಷ ಬದಲಿಸಬೇಡಿ. ರೇಸಿನ ನೆಪದಲ್ಲಿ ಜಿಲ್ಲೆಯ ರಸ್ತೆಗಳು ದುರಸ್ತಿಯಾಗಿವೆ. ತಿಂಗಳಿಗೊಂದು ಮುಂಜಾನೆ ಎರಡು ತಾಸು ಆ ರಸ್ತೆ ಮುಚ್ಚಿ ಟೈಮ್ ಟ್ರಯಲ್ ನಡೆಸುವುದಕ್ಕೆ ದೊಡ್ಡ ಖರ್ಚಿಲ್ಲ. ವಿಜಯಪುರ, ಬಾಗಲಕೋಟೆಯಲ್ಲೂ ಹಾಗೇ ಒಂದೊಂದು ರಸ್ತೆ ಗೊತ್ತುಮಾಡಲಿ. ಹಾಸ್ಟೆಲ್ ಮಕ್ಕಳ ಕೈಗೆ ಸರದಿಯ ಮೇಲಾದರೂ ಸರಿಯಾದ ಟೈಮ್ ಟ್ರಯಲ್ ಸೈಕಲ್ ಸಿಗಲಿ. ಫಲಿತಾಂಶದ ಜೊತೆ ಗಾಳಿ, ಬಿಸಿಲು, ಅರ್ಧ ದಾರಿಯ ಸಮಯ, ಸೈಕಲ್ಲಿನ ಬಗೆ ದಾಖಲಾಗಲಿ. ಎರಡು ವರ್ಷ ಹೀಗೆ ನಡೆದರೆ ಯಾರು ಹದಕ್ಕೆ ಬರುತ್ತಿದ್ದಾರೆ, ಯಾರಿಗೆ ಏನು ಸಾಲದಾಗಿದೆ ಅಂತ ಕಣ್ಣಿಗೆ ಕಾಣುತ್ತದೆ.

ಅಭಿಮಾನಿಗಳಾದ ನಮ್ಮ ಪಾಲಿನ ಕೆಲಸ ಇನ್ನೂ ಸುಲಭ. ಮುಂದಿನ ಟೈಮ್ ಟ್ರಯಲ್‌ನ ಪಟ್ಟಿ ಕೈಗೆ ಬಂದಾಗ, ಅದು ಫ್ರಾನ್ಸಿನದಿರಲಿ ಜಮಖಂಡಿಯದಿರಲಿ, ಮೂರು ಪ್ರಶ್ನೆ ಕೇಳಿ. ಇದು ಯಾವ ಬಗೆಯ ರಸ್ತೆ? ಇವನ ಕೆಳಗೆ ಯಾವ ಸೈಕಲ್ ಇತ್ತು? ಇದಕ್ಕೆ ಮುಂಚೆ ಇವನಿಗೆ ಎಷ್ಟು ರೇಸು ಸಿಕ್ಕಿತ್ತು? ಮೂರಕ್ಕೂ ಉತ್ತರ ತಿಳಿದ ಮೇಲೂ ‘ಫಾರ್ಮ್ ಇಲ್ಲ’ ಅನ್ನಬೇಕು ಅನಿಸಿದರೆ ಅನ್ನಿ, ನನ್ನ ಅಡ್ಡಿಯಿಲ್ಲ. ಉತ್ತರ ತಿಳಿಯದಿದ್ದರೆ ಆ ಪ್ರಶ್ನೆಗಳನ್ನು ಸವಾರನ ಮುಂದಲ್ಲ, ರೇಸು ನಡೆಸಿದವರ ಮುಂದೆ, ಹಾಸ್ಟೆಲ್ ನಡೆಸುವವರ ಮುಂದೆ, ಸಂಘದ ಕುರ್ಚಿಯಲ್ಲಿ ಕೂತವರ ಮುಂದೆ ಇಡಿ. ಉತ್ತರ ಕೊಡಬೇಕಾದವರು ಅವರು.